ಗಾಳದ ದಾರ

ರಾಜ್ಯಗಳ ಏಳುಬೀಳುಗಳನ್ನು ಬರೆಯುವವರು ಖಡ್ಗವನ್ನು ಕುರಿತು ಬರೆಯುವರು. ಮತಗಳ ಚರಿತ್ರೆಯನ್ನು ಬರೆಯುವವರು ಗ್ರಂಥಗಳನ್ನು ಕುರಿತು ಬರೆಯುವರು. ಹೊಳೆಯ ದಂಡೆಯಲ್ಲಿ ಕುಳಿತು ಹೊಟ್ಟೆ ಹೊರೆದವನ ಕೈಯೊಳಗಿನ ಒಂದೆಳೆ ದಾರವನ್ನು ಕುರಿತು ಬರೆದವರು ವಿರಳ. ಆದರೆ ಆ ದಾರಕ್ಕೂ ಒಂದು ಚರಿತ್ರೆಯುಂಟು. ಅದು ನಾರಾಗಿ, ಹತ್ತಿಯ ನೂಲಾಗಿ, ಕುದುರೆಯ ಬಾಲದ ಕೂದಲಾಗಿ, ರೇಶಿಮೆಯಾಗಿ, ಕಡೆಗೆ ನೈಲಾನ್ ಆಗಿ ರೂಪಾಂತರ ಹೊಂದುತ್ತ ಬಂದಿದೆ. ಪ್ರತಿಯೊಂದು ರೂಪಾಂತರದ ಕಾಲಕ್ಕೂ ಯಾವನೋ ಒಬ್ಬನು ಹೊಸ ದಾರವನ್ನು ಕೈಯಲ್ಲಿ ಹಿಡಿದು, ಜಗ್ಗಿ, ತೋಯಿಸಿ, ಗಂಟು ಹಾಕಿ, ನೀರಿಗೆ ಬಿಟ್ಟು ಪರೀಕ್ಷಿಸಿದ್ದಾನೆ. ಆ ಪರೀಕ್ಷಕರಲ್ಲಿ ಚಕ್ರವರ್ತಿಗಳಿದ್ದಾರೆ, ಸರಕಾರದ ಅಧಿಕಾರಿಗಳಿದ್ದಾರೆ, ಸಂಗೀತಗಾರರಿದ್ದಾರೆ. ಎಲ್ಲರಿಗಿಂತ ಹೆಚ್ಚಿನ ಸಂಖ್ಯೆಯಲ್ಲಿ, ಹೆಸರಿಲ್ಲದ ಅಂಬಿಗರಿದ್ದಾರೆ. ಈ ಲೇಖನದ ಉದ್ದೇಶವು ಆ ದಾರದ ಜಾಡನ್ನು ಹಿಡಿದು ನಮ್ಮ ಭೀಮಾ ಕೃಷ್ಣೆಯರ ತೀರಕ್ಕೆ ಬಂದು ಮುಟ್ಟುವದಾಗಿದೆ.

ಇಂಥ ವಿಷಯವು ಈ ಪತ್ರಿಕೆಯ ವಾಚಕರಿಗೆ ರುಚಿಸುವದೆ ಎಂಬ ಶಂಕೆ ಸಹಜವಾದದ್ದು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಈ ನಾಲ್ಕು ತಾಲೂಕುಗಳ ಓದುಬರಹ ಬಲ್ಲ ಮನೆತನಗಳಲ್ಲಿ ಬಹಳಷ್ಟು ಕಡೆ ಮೀನು ಹೊಸ್ತಿಲು ದಾಟಿ ಒಳಗೆ ಬರುವದಿಲ್ಲ. ಬಸವಣ್ಣನವರು ಹುಟ್ಟಿದ ನೆಲದಲ್ಲಿ ದಯೆಯ ಮಾತು ತಾಯಿಹಾಲಿನೊಡನೆ ಬರುತ್ತದೆ. ಆದರೆ ಇತಿಹಾಸವು ಅಡಿಗೆಯ ಮನೆಯಲ್ಲ. ತನಗೆ ಬೇಡವಾದದ್ದನ್ನು ಹೊರಗಿಡುವ ಅಧಿಕಾರವು ಅದಕ್ಕಿಲ್ಲ. ಹೊಳೆಯ ದಂಡೆಯ ಊರುಗಳಲ್ಲಿ ತಲೆಮಾರುಗಳಿಂದ ಬಾಳಿದ ಅಂಬಿಗರು, ಕಬ್ಬಲಿಗರು, ಕೋಳಿಗರು ಈ ಸೀಮೆಯ ಇತಿಹಾಸಕ್ಕೆ ಸೇರಿದವರಾದರೆ ಅವರ ಕೈಯ ದಾರವೂ ಸೇರಿದ್ದೇ ಸರಿ.

ಮೊದಲು ನಮ್ಮ ಪಾಠಶಾಲೆಗಳ ಓದಿನಲ್ಲಿಯೇ ಈ ದಾರವು ಎಲ್ಲೆಲ್ಲಿ ಸಿಕ್ಕುವದೆಂಬದನ್ನು ನೋಡೋಣ. ಸಂಸ್ಕೃತದ ಸೂತ್ರ ಎಂಬ ಶಬ್ದವು ಬಹು ದೊಡ್ಡ ಸಂಸಾರವುಳ್ಳದ್ದು. ಪಾಣಿನಿಯ ವಚನವೂ ಸೂತ್ರ, ಹೆಗಲ ಮೇಲಿನ ಜನಿವಾರವೂ ಸೂತ್ರ, ಮುತ್ತೈದೆಯ ಕೊರಳಿನ ತಾಳಿಯೂ ಸೂತ್ರ. ಅಮರಕೋಶವನ್ನು ಕಂಠಪಾಠ ಮಾಡಿದವರಿಗೆ ವಾರಿವರ್ಗದ ಒಂದು ಸಂಗತಿ ನೆನಪಿರಬಹುದು. ಅಲ್ಲಿ ಅಮರಸಿಂಹನು ಮೀನು ಹಿಡಿಯುವವನಿಗೆ ಕೈವರ್ತ, ದಾಶ, ಧೀವರ ಎಂಬ ಮೂರು ಹೆಸರುಗಳನ್ನು ಹೇಳಿ, ಬಲೆಗೆ ಆನಾಯ, ಜಾಲ ಎಂಬವನ್ನೂ, ಮೀನಿಡುವ ಬುಟ್ಟಿಗೆ ಮತ್ಸ್ಯಾಧಾನೀ, ಕುವೇಣೀ ಎಂಬವನ್ನೂ, ಗಾಳಕ್ಕೆ ಬಡಿಶ, ಮತ್ಸ್ಯವೇಧನ ಎಂಬವನ್ನೂ ಕೊಡುತ್ತಾನೆ. ಬಲೆ ಬುಟ್ಟಿಗಳ ನಡುವೆ ಸಣಬಿನ ನೂಲಿಗೆ ಅವನು ಕೊಡುವ ಹೆಸರು ಪವಿತ್ರಕ. ಶ್ರಾದ್ಧ ಹೋಮಗಳಲ್ಲಿ ಬೆರಳಿಗೆ ಧರಿಸುವ ದರ್ಭೆಯು ಪವಿತ್ರವೆಂದು ಬಲ್ಲ ನಮಗೆ, ಬೆಸ್ತನ ಸಣಬಿನ ನೂಲೂ ಪವಿತ್ರಕವೆಂದು ಕೋಶಕಾರನು ಹೇಳಿದ್ದು ಸ್ವಲ್ಪ ಹೊತ್ತು ನಿಂತು ಯೋಚಿಸತಕ್ಕ ಮಾತಾಗಿದೆ. ನೀರಿನೊಳಗಿನ ಕೆಲಸಕ್ಕೆ ಸಣಬು ಬಳಕೆಯಲ್ಲಿತ್ತೆಂಬದಕ್ಕೂ ಇದು ಸಾಕ್ಷಿ.

ಗಾಳದ ಉಪಮೆಯು ಕಾವ್ಯ ಪುರಾಣಗಳಲ್ಲಿ ಹೇರಳವಾಗಿದೆ. ಉದ್ಯೋಗಪರ್ವದಲ್ಲಿ ವಿದುರನು ಧೃತರಾಷ್ಟ್ರನಿಗೆ ನೀತಿಯನ್ನು ಹೇಳುವಾಗ, ಒಳ್ಳೆಯ ತಿನಿಸಿನಿಂದ ಮುಚ್ಚಿದ ಕಬ್ಬಿಣದ ಗಾಳವನ್ನು ಮೀನು ಲೋಭದಿಂದ ನುಂಗುವ ದೃಷ್ಟಾಂತವನ್ನು ಕೊಡುವನು. ಭಾಗವತದ ಹನ್ನೊಂದನೆಯ ಸ್ಕಂಧದಲ್ಲಿ ಅವಧೂತನು ಎಣಿಸುವ ೨೪ ಗುರುಗಳಲ್ಲಿ ಮೀನವೂ ಒಂದು. ನಾಲಗೆಯ ಚಾಪಲ್ಯದಿಂದ ಗಾಳಕ್ಕೆ ಸಿಕ್ಕುವ ಅದು ಜಿಹ್ವೆಯನ್ನು ಗೆಲ್ಲಬೇಕೆಂಬ ಪಾಠವನ್ನು ಕಲಿಸಿತಂತೆ. ಕಾಳಿದಾಸನ ಶಾಕುಂತಲದಲ್ಲಿ ದುಷ್ಯಂತನ ಉಂಗುರವು ರೋಹಿತಮತ್ಸ್ಯದ ಹೊಟ್ಟೆಯಲ್ಲಿ ಸಿಕ್ಕಿದ ಕಥೆಯನ್ನು ಅರಿಯದವರಿಲ್ಲ. ಆ ಉಂಗುರವನ್ನು ಮಾರಹೋಗಿ ರಾಜಭಟರ ಕೈಗೆ ಸಿಕ್ಕಿದ ಧೀವರನು, ತಾನು ಬಲೆ ಗಾಳಗಳಿಂದ ಕುಟುಂಬವನ್ನು ಹೊರೆಯುವವನೆಂದು ಹೇಳಿಕೊಳ್ಳುತ್ತಾನೆ. ಆಗ ಅವನು ಆಡುವ ಪ್ರಾಕೃತ ಶಬ್ದವು ಕೆಲವು ಪಾಠಗಳಲ್ಲಿ ನಮ್ಮ ‘ಗಾಳ’ವನ್ನೇ ಹೋಲುವದು. ನಗರರಕ್ಷಕನು ಅವನ ಕಸುಬನ್ನು ಕುರಿತು ಕುಚೋದ್ಯ ಮಾಡಿದಾಗ ಅವನು ಕೊಟ್ಟ ಉತ್ತರವು ಗಂಭೀರವಾದದ್ದು. ಹುಟ್ಟಿನೊಡನೆ ಬಂದ ಕೆಲಸವು ನಿಂದ್ಯವೆನಿಸಿದರೂ ಬಿಡತಕ್ಕದ್ದಲ್ಲ. ಕರುಣೆಯಿಂದ ಮೃದುವಾದ ಹೃದಯವುಳ್ಳ ಶ್ರೋತ್ರಿಯನೂ ಯಜ್ಞದಲ್ಲಿ ಪಶುವಧೆಯ ಕ್ರೂರಕರ್ಮವನ್ನು ಮಾಡುವನಷ್ಟೆ, ಎಂಬುದು ಅದರ ತಾತ್ಪರ್ಯ. ಪಾಠಶಾಲೆಗಳಲ್ಲಿ ಈ ಪ್ರವೇಶಕವನ್ನು ಹಾಸ್ಯವೆಂದು ಬೇಗನೆ ದಾಟಿಸುವ ರೂಢಿಯುಂಟು. ಆದರೆ ಅಷ್ಟು ದೊಡ್ಡ ನಾಟಕದಲ್ಲಿ ಕಳೆದುಹೋದ ನೆನಪನ್ನು ಮರಳಿ ತಂದುಕೊಟ್ಟವನು ಋಷಿಯಲ್ಲ, ಮಂತ್ರಿಯಲ್ಲ, ಈ ಧೀವರನು.

ಇಷ್ಟಾದರೂ ಈ ಗ್ರಂಥಗಳೆಲ್ಲ ಗಾಳವನ್ನು ದೂರದಿಂದ ಕಂಡವುಗಳು. ಅವು ಗಾಳದಿಂದ ನೀತಿಯನ್ನು ಹಿಡಿಯುವವೇ ಹೊರತು ಮೀನನ್ನು ಹಿಡಿಯುವ ಬಗೆಯನ್ನು ಹೇಳುವದಿಲ್ಲ. ಅದನ್ನು ಶಾಸ್ತ್ರದ ವಿಷಯವನ್ನಾಗಿ ಮಾಡಿದವನು ನಮ್ಮವನೇ ಆದ ಒಬ್ಬ ದೊರೆ. ಅವನು ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ ಮಗ, ಭೂಲೋಕಮಲ್ಲ, ಸರ್ವಜ್ಞ ಎಂಬ ಬಿರುದುಗಳನ್ನು ಹೊತ್ತ ಮೂರನೆಯ ಸೋಮೇಶ್ವರ. ಅವನು ೧೧೨೬ರಿಂದ ೧೧೩೮ರ ವರೆಗೆ ಆಳಿದನು.

ನಮ್ಮ ನಾಲ್ಕು ತಾಲೂಕುಗಳಿಗೂ ಚಾಲುಕ್ಯರಿಗೂ ಇರುವ ನಂಟು ಹಳೆಯದು. ಈ ಸೀಮೆಯ ಬಹುಭಾಗವು ಆಗ ತರ್ದವಾಡಿ ಸಾಸಿರವೆಂಬ ನಾಡಿಗೆ ಸೇರಿತ್ತು. ಅದರ ಮೂಲಸ್ಥಾನವು ಇಂಡಿಯ ಸೀಮೆಯ ಭೀಮಾತೀರದ ತದ್ದೇವಾಡಿಯೆಂದು ವಿದ್ವಾಂಸರು ಗುರುತಿಸಿದ್ದಾರೆ. ಚಾಲುಕ್ಯರ ಭಾಗ್ಯವನ್ನು ಮರಳಿ ಸ್ಥಾಪಿಸಿದ ಇಮ್ಮಡಿ ತೈಲಪನು ೯೬೫ರಲ್ಲಿ ಇನ್ನೂ ರಾಷ್ಟ್ರಕೂಟರ ಸಾಮಂತನಾಗಿದ್ದಾಗ ಅನುಭವಿಸುತ್ತಿದ್ದದ್ದು ಈ ತರ್ದವಾಡಿ ನಾಡನ್ನೇ. ಅಂದರೆ ಮುಂದೆ ಇನ್ನೂರು ವರ್ಷ ಕನ್ನಡ ನಾಡನ್ನಾಳಿದ ಮನೆತನವು ಬೇರು ಬಿಟ್ಟದ್ದು ಭೀಮೆಯ ದಂಡೆಯ ಕರಿಯ ಮಣ್ಣಿನಲ್ಲಿ. ಅದೇ ಮನೆತನದ ಸೋಮೇಶ್ವರನು ಮೀನಿನ ವಿಷಯವನ್ನು ಬರೆದನೆಂದರೆ, ಅವನ ರಾಜ್ಯದ ಹೊಳೆಗಳಲ್ಲಿ ನಮ್ಮ ಹೊಳೆಗಳೂ ಇದ್ದವೆಂಬದನ್ನು ಮರೆಯತಕ್ಕದ್ದಲ್ಲ.

ಅವನ ಗ್ರಂಥಕ್ಕೆ ಮಾನಸೋಲ್ಲಾಸವೆಂದೂ ಅಭಿಲಷಿತಾರ್ಥಚಿಂತಾಮಣಿಯೆಂದೂ ಎರಡು ಹೆಸರುಗಳುಂಟು. ಗ್ರಂಥದೊಳಗೆ ಶಕ ೧೦೫೧ರ ಕಾಲನಿರ್ದೇಶವಿರುವದರಿಂದ ಅದನ್ನು ಕ್ರಿ. ಶ. ೧೧೨೯ರ ಸುಮಾರಿನದೆಂದು ಹೇಳುವರು. ಇಪ್ಪತ್ತು ಇಪ್ಪತ್ತು ಅಧ್ಯಾಯಗಳ ಐದು ವಿಂಶತಿಗಳಾಗಿ, ಒಟ್ಟು ೧೦೦ ಅಧ್ಯಾಯಗಳಲ್ಲಿ, ರಾಜ್ಯವನ್ನು ಪಡೆಯುವದರಿಂದ ಮೊದಲ್ಗೊಂಡು ಅಡಿಗೆ, ಸಂಗೀತ, ಚಿತ್ರ, ಆನೆ, ಕುದುರೆ, ಮಲ್ಲಯುದ್ಧಗಳ ವರೆಗೆ ದೊರೆಗೆ ತಿಳಿದಿರಬೇಕಾದದ್ದೆಲ್ಲ ಅದರಲ್ಲಿದೆ. ಮೈಸೂರಿನ ಪ್ರಾಚ್ಯಕೋಶಾಗಾರದಿಂದ, ಕೌಟಿಲ್ಯನ ಅರ್ಥಶಾಸ್ತ್ರವನ್ನು ಲೋಕಕ್ಕೆ ಕೊಟ್ಟ ಆರ್. ಶಾಮಶಾಸ್ತ್ರಿಗಳು ಅದರ ಮೊದಲ ಭಾಗವನ್ನು ೧೯೨೬ರಲ್ಲಿ ಪ್ರಕಟಿಸಿದರು. ಬಡೋದೆಯ ಗಾಯಕವಾಡ ಗ್ರಂಥಮಾಲೆಯಲ್ಲಿ ಶ್ರೀಗೊಂಡೇಕರರ ಸಂಪಾದನೆಯು ೧೯೨೫, ೧೯೩೯, ೧೯೬೧ ಹೀಗೆ ಮೂರು ಸಂಪುಟಗಳಲ್ಲಿ ಹೊರಬಂದಿತು. ನಾಲ್ಕನೆಯದಾದ ವಿನೋದವಿಂಶತಿಯಲ್ಲಿ, ಗಿಡುಗಗಳ ಬೇಟೆಯಾದ ಮೇಲೆ, ಮೃಗಯೆಯ ಮೊದಲು, ಮತ್ಸ್ಯವಿನೋದವೆಂಬ ಅಧ್ಯಾಯವು ಬರುವದು.

ಈ ಅಧ್ಯಾಯದಲ್ಲಿ ಅರಸನು ಮೂವತ್ತಕ್ಕೂ ಹೆಚ್ಚು ಜಾತಿಯ ಮೀನುಗಳನ್ನು ಹೆಸರಿಸುತ್ತಾನೆ. ಸಮುದ್ರದಲ್ಲಿರುವವು ಯಾವವು, ಹೊಳೆಯಲ್ಲಿರುವವು ಯಾವವು, ಹುರುಪೆಯುಳ್ಳವು ಯಾವವು, ಇಲ್ಲದವು ಯಾವವು, ದೊಡ್ಡವು ಯಾವವು, ಸಣ್ಣವು ಯಾವವು ಎಂಬ ವಿಭಾಗವನ್ನು ಮಾಡುತ್ತಾನೆ. ಬಳಿಕ ಯಾವ ಮೀನಿಗೆ ಯಾವ ತಿನಿಸು ಪ್ರಿಯವಾದದ್ದು, ತಿನಿಸನ್ನು ಹಾಕಿ ಅವನ್ನು ಒಂದು ಕಡೆಗೆ ಕೂಡಿಸುವ ಬಗೆ ಹೇಗೆ, ಗಾಳ ಹಾಕಿ ಹಿಡಿಯುವ ಬಗೆ ಹೇಗೆ ಎಂಬದನ್ನು ವಿವರಿಸುತ್ತಾನೆ. ಭಾರತೀಯ ಪ್ರಾಣಿಶಾಸ್ತ್ರ ಸರ್ವೇಕ್ಷಣ ಸಂಸ್ಥೆಯ ನಿರ್ದೇಶಕರಾಗಿದ್ದ, ಮೀನುಗಳ ಶಾಸ್ತ್ರದಲ್ಲಿ ಜಗತ್ಪ್ರಸಿದ್ಧರಾದ ಸುಂದರಲಾಲ ಹೋರಾ ಇವರು ೧೯೫೧ರಲ್ಲಿ ಏಶಿಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿ ಈ ಅಧ್ಯಾಯವನ್ನು ಕುರಿತು ದೊಡ್ಡ ಲೇಖನವನ್ನು ಬರೆದು, ಅದರೊಳಗಿನ ಮೀನುಗಳನ್ನು ಈಗಿನ ಶಾಸ್ತ್ರೀಯ ಹೆಸರುಗಳೊಡನೆ ಹೊಂದಿಸಿ ನೋಡಲು ಯತ್ನಿಸಿದರು. ಕವಿಯ ವರ್ಣನೆಯನ್ನು ಪ್ರಾಣಿಶಾಸ್ತ್ರಜ್ಞನು ಇಷ್ಟು ಗೌರವದಿಂದ ಓದಿದ ಉದಾಹರಣೆಗಳು ಕಡಿಮೆ.

ಇಲ್ಲಿ ಒಂದು ಪ್ರಶ್ನೆಯನ್ನು ಕೇಳಬೇಕಾಗಿದೆ. ಈ ವಿಷಯವೆಲ್ಲ ಅರಸನಿಗೆ ಎಲ್ಲಿಂದ ಬಂದಿತು? ಅಲಂಕಾರವನ್ನೂ ಜ್ಯೋತಿಷವನ್ನೂ ಅವನು ಹಿಂದಿನ ಗ್ರಂಥಗಳಿಂದ ಸಂಗ್ರಹಿಸಬಹುದಾಗಿತ್ತು. ಆದರೆ ಮೀನಿನ ಆಹಾರದ ಭೇದವನ್ನು ಹೇಳುವ ಪೂರ್ವಗ್ರಂಥವು ಅವನ ಮುಂದೆ ಇದ್ದಂತೆ ತೋರುವದಿಲ್ಲ. ಅವನು ಹೇಳುವ ಮೀನುಗಳ ಹೆಸರುಗಳಲ್ಲಿ ಅಮರಕೋಶದಲ್ಲಿ ಸಿಕ್ಕದವು ಅನೇಕ. ಅವು ದೇಶ್ಯ ಶಬ್ದಗಳಿಗೆ ಸಂಸ್ಕೃತದ ಅಂಗಿಯನ್ನು ತೊಡಿಸಿದಂತೆ ಕಾಣುತ್ತವೆ. ಕಾರಣ ಒಂದು ನಿರ್ಣಯಕ್ಕೆ ಬರದೆ ಗತಿಯಿಲ್ಲ. ಅರಸನ ಗುರುಗಳು ಈ ಅಧ್ಯಾಯದ ಮಟ್ಟಿಗೆ ಆಸ್ಥಾನದ ಪಂಡಿತರಲ್ಲ, ಹೊಳೆಯ ಅಂಬಿಗರು. ಅವರು ಹೇಳಿದರು, ಅವನು ಶ್ಲೋಕ ಕಟ್ಟಿದನು. ಶ್ಲೋಕಕ್ಕೆ ಅವನ ಹೆಸರು ಉಳಿಯಿತು. ಹೇಳಿದವರ ಹೆಸರು ಉಳಿಯಲಿಲ್ಲ.

ಈ ಗ್ರಂಥದ ಬೆಲೆಯನ್ನು ತಿಳಿಯಲು ಹೊರಗಿನ ಚರಿತ್ರೆಯನ್ನು ಸ್ವಲ್ಪ ನೋಡಬೇಕು. ಇಂಗ್ಲಂಡದಲ್ಲಿ ಗಾಳದ ಬೇಟೆಯನ್ನು ಕುರಿತ ಮೊದಲ ಅಚ್ಚಿನ ಪ್ರಬಂಧವು ೧೪೯೬ರಲ್ಲಿ ವಿಂಕಿನ್ ಡಿ ವರ್ಡ್ ಎಂಬ ಮುದ್ರಕನಿಂದ ಪ್ರಕಟವಾಯಿತು. ಜೂಲಿಯಾನಾ ಬರ್ನರ್ಸ್ ಎಂಬ ಸಂನ್ಯಾಸಿನಿಯು ಅದನ್ನು ಬರೆದಳೆಂದು ಪ್ರತೀತಿ. ಸೋಮೇಶ್ವರನು ಅದಕ್ಕಿಂತ ೩೬೭ ವರ್ಷ ಹಿಂದಿನವನು. ಆದರೆ ದಾರದ ವಿಷಯದಲ್ಲಿ ಆ ಪ್ರಬಂಧದ ವಿವರವು ಆಶ್ಚರ್ಯಕರವಾಗಿದೆ. ಬಿಳಿಯ ಕುದುರೆಯ ಬಾಲದಿಂದ ಉದ್ದವಾದ ಕೂದಲುಗಳನ್ನು ಆರಿಸಿ, ನೀರಿನ ಬಣ್ಣಕ್ಕೆ ಹೊಂದುವಂತೆ ಬೇರೆ ಬೇರೆ ಋತುಗಳಿಗೆ ಬೇರೆ ಬೇರೆ ಬಣ್ಣ ಕಟ್ಟಿ, ಹೆಣೆದು ದಾರ ಮಾಡಬೇಕು. ಎಲ್ಲಕ್ಕೂ ಸಣ್ಣ ಮೀನಿಗೆ ಒಂದು ಕೂದಲು ಸಾಕು, ಸಾಲ್ಮನ್ ಎಂಬ ದೊಡ್ಡ ಮೀನಿಗೆ ೧೫ ಕೂದಲು ಬೇಕು, ಎಂದು ಅದು ಲೆಕ್ಕ ಕೊಡುತ್ತದೆ.

ಅಲ್ಲಿ ಬಳಕೆಗೆ ಬಂದ ಒಂದು ವಿಶೇಷ ಪದ್ಧತಿಯನ್ನು ಇಲ್ಲಿ ತಿಳಿಸುವದು ಅವಶ್ಯ. ನಮ್ಮ ಗಾಳದಲ್ಲಿ ಎರೆಹುಳವೋ ಹಿಟ್ಟಿನ ಉಂಡೆಯೋ ಇರುವದು. ಅದಕ್ಕೆ ಸೀಸದ ಗುಂಡು ಕಟ್ಟಿ ಬೀಸಿದರೆ ಗುಂಡಿನ ಭಾರವು ದಾರವನ್ನು ಎಳೆದುಕೊಂಡು ಹೋಗುವದು. ನೊಣಗಾಳದಲ್ಲಿ ಹಾಗಲ್ಲ. ಅಲ್ಲಿ ಕೊಂಡಿಗೆ ಪುಕ್ಕ, ಉಣ್ಣೆ, ರೇಶಿಮೆಗಳನ್ನು ಸುತ್ತಿ ನೊಣದ ಆಕಾರವನ್ನು ಮಾಡುವರು. ಆ ಹುಸಿನೊಣಕ್ಕೆ ಭಾರವೆಂಬುದಿಲ್ಲ. ಬೀಸಿದರೆ ಮುಂದೆ ಹೋಗದು. ಆದುದರಿಂದ ದಾರವೇ ತನ್ನ ಭಾರದಿಂದ ಗಾಳಿಯಲ್ಲಿ ಬಾಗಿ, ಬಿಚ್ಚಿಕೊಂಡು, ನೊಣವನ್ನು ಹೊತ್ತು ನೀರಿನ ಮೇಲೆ ಮೆಲ್ಲನೆ ಇಳಿಸಬೇಕು. ಬೇರೆಡೆಯಲ್ಲಿ ದಾರವು ಸೇವಕ, ಇಲ್ಲಿ ಅದೇ ಯಜಮಾನ. ಮೆಸೆಡೋನಿಯದ ಜನರು ಅಸ್ಟ್ರೇಯಸ್ ಎಂಬ ಹೊಳೆಯಲ್ಲಿ ಕೆಂಪು ಉಣ್ಣೆಯ ಹುಸಿನೊಣವನ್ನು ಬಿಟ್ಟು ಮೀನು ಹಿಡಿಯುತ್ತಿದ್ದರೆಂದು ಕ್ರಿ. ಶ. ೨೦೦ರ ಸುಮಾರಿನ ಈಲಿಯನ್ ಎಂಬ ರೋಮನ್ ಲೇಖಕನು ಬರೆದಿದ್ದಾನೆ. ಅವರ ಕೋಲೂ ಆರು ಅಡಿ, ದಾರವೂ ಆರು ಅಡಿ.

ಹೊಸ ದಾರವು ಬಂದಾಗ ಅದನ್ನು ಪರೀಕ್ಷಿಸಿ ನೋಡುವ ಕುತೂಹಲವು ಎಲ್ಲ ದೇಶದವರಿಗೂ ಒಂದೇ. ಇಂಗ್ಲಂಡದ ನೌಕಾಪಡೆಯ ಅಧಿಕಾರಿಯಾಗಿದ್ದ ಸ್ಯಾಮ್ಯುಯೆಲ್ ಪೀಪ್ಸ್ ಎಂಬವನ ದಿನಚರಿಯಲ್ಲಿ ೧೬೬೭ರ ಮಾರ್ಚ ತಿಂಗಳಿನ ಒಂದು ಟಿಪ್ಪಣಿಯುಂಟು. ವಾದ್ಯ ಕಲಿಸುವ ಅವನ ಪರಿಚಿತನೊಬ್ಬನು ತಂತುವಾದ್ಯಕ್ಕೆ ಕಟ್ಟುವ ಕರುಳಿನ ತಂತಿಗೆ ಅರಗಿನಂಥ ಲೇಪವನ್ನು ಬಳಿದು ಗಾಳಕ್ಕೆ ಕಟ್ಟಿ ನೋಡಿದನಂತೆ. ಲೇಪದ ದೆಸೆಯಿಂದ ಅದು ನೀರಿನಲ್ಲಿ ಉಬ್ಬುವದಿಲ್ಲ, ಕೂದಲಿಗಿಂತ ತೆಳ್ಳಗಿದ್ದೂ ಗಟ್ಟಿಯಾಗಿರುವದು, ಎಂದು ಕೇಳಿ ಪೀಪ್ಸನು ಆ ಗುಟ್ಟನ್ನು ಬಹಳವಾಗಿ ಮೆಚ್ಚಿಕೊಂಡನು. ವೀಣೆಯಿಂದ ಹೊಳೆಗೆ ಇಳಿದ ಈ ತಂತಿಯ ಪ್ರಯೋಗವು ಸಣ್ಣದಾದರೂ ಮುಂದಿನ ಎಲ್ಲ ದಾರಗಳ ಬೀಜವು ಅದರಲ್ಲಿದೆ. ಒಳಗೆ ಗಟ್ಟಿಯಾದ ಎಳೆ, ಮೇಲೆ ನೀರನ್ನು ತಡೆಯುವ ಲೇಪ, ಇದೇ ಅದರ ಮರ್ಮ.

ಹತ್ತೊಂಬತ್ತನೆಯ ಶತಮಾನದಲ್ಲಿ ರೇಶಿಮೆಯನ್ನು ಹೆಣೆದು ಅಗಸೆಯ ಎಣ್ಣೆಯಲ್ಲಿ ಅದ್ದಿ ಒಣಗಿಸಿದ ದಾರಗಳು ಬಂದವು. ಅವು ನಯವಾಗಿ ಬೀಸಿಕೊಂಡು ಹೋಗುತ್ತಿದ್ದವು; ಆದರೆ ಅವುಗಳ ಉಪಚಾರವು ಬಾಣಂತಿಯ ಉಪಚಾರದಂತೆ. ದಿನದ ಬೇಟೆ ಮುಗಿದ ಮೇಲೆ ಬಿಚ್ಚಿ ನೆರಳಿನಲ್ಲಿ ಒಣಗಿಸಬೇಕು, ತೇಲುವದಕ್ಕೆ ಮೇಣವನ್ನು ಸವರಬೇಕು. ತಪ್ಪಿದರೆ ಅಂಟಂಟಾಗಿ ಕೊಳೆತುಹೋಗುವದು. ೧೯೩೮ರಲ್ಲಿ ಅಮೇರಿಕೆಯ ಡುಪಾಂಟ್ ಕಂಪನಿಯು ನೈಲಾನನ್ನು ಲೋಕಕ್ಕೆ ಪ್ರಕಟಿಸಿತು. ಅದನ್ನು ಕಂಡುಹಿಡಿದ ರಸಾಯನಶಾಸ್ತ್ರಜ್ಞ ವಾಲೇಸ್ ಕರೊದರ್ಸ್ ಹಿಂದಿನ ವರ್ಷವೇ ತೀರಿಕೊಂಡಿದ್ದನು. ೧೯೫೦ರ ದಶಕದ ಆದಿಯಲ್ಲಿ ನೈಲಾನಿನ ಹೆಣಿಗೆಯ ಮೇಲೆ ಪ್ಲಾಸ್ಟಿಕ್ಕಿನ ಲೇಪವುಳ್ಳ ನೊಣಗಾಳದ ದಾರಗಳು ಅಮೇರಿಕೆಯಲ್ಲಿ ತಯಾರಾದವು. ಮೊದಲ ೩೦ ಅಡಿಗಳ ತೂಕವನ್ನು ಹಿಡಿದು ದಾರಗಳಿಗೆ ಅಂಕೆಗಳನ್ನು ಕೊಡುವ ಪದ್ಧತಿಯು ೧೯೬೧ರಲ್ಲಿ ಬಂದಿತು; ಐದನೆಯ ಅಂಕೆಯ ದಾರದಲ್ಲಿ ಆ ೩೦ ಅಡಿ ಸುಮಾರು ೯ ಗ್ರಾಮ್ ತೂಗುವದು.

ಇಂದಿಗೂ ಇಂಥ ಹೊಸ ದಾರವನ್ನು ಕೊಂಡವನು ನೇರವಾಗಿ ಹೊಳೆಗೆ ಹೋಗುವದಿಲ್ಲ. ಸುರುಳಿಯಲ್ಲಿದ್ದ ದಾರಕ್ಕೆ ಸುರುಳಿಯ ನೆನಪು ಇರುತ್ತದೆ. ಮಾರು ಮಾರಾಗಿ ಜಗ್ಗಿ ಅದನ್ನು ಬಿಡಿಸುವನು. ಬೆರಳುಗಳ ನಡುವೆ ಎಳೆದು ಗಂಟು, ಒಡಕುಗಳುಂಟೋ ಎಂದು ನೋಡುವನು. ಬಯಲಿನ ಹುಲ್ಲಿನ ಮೇಲೆ, ಕೊಂಡಿಯಿಲ್ಲದ ಉಣ್ಣೆಯ ಚೂರನ್ನು ತುದಿಗೆ ಕಟ್ಟಿ, ಬೀಸಿ ಬೀಸಿ ಕೋಲಿಗೂ ದಾರಕ್ಕೂ ಹೊಂದಿಕೆಯಾಗುವದೋ ಎಂದು ತಿಳಿಯುವನು. ಕಡೆಗೆ ತಿಳಿನೀರಿನಲ್ಲಿ ಬಿಟ್ಟು, ತೇಲುವದೋ ಮುಳುಗುವದೋ, ನೀರಿನ ಮೇಲೆ ಬೀಳುವಾಗ ಸಪ್ಪಳವಾಗುವದೋ ಎಂದು ಪರೀಕ್ಷಿಸುವನು. ಹೊಸ ಎತ್ತನ್ನು ಕೊಂಡ ನಮ್ಮ ಒಕ್ಕಲಿಗನು ಬಿತ್ತುವ ಮೊದಲು ಬರಿಯ ಗಳೆ ಹೂಡಿ ನೋಡುವದಕ್ಕೂ ಇದಕ್ಕೂ ಭೇದವಿಲ್ಲ.

ಈ ವಿದ್ಯೆಯು ಕನ್ನಡ ನಾಡಿಗೆ ಬಂದದ್ದು ಆಂಗ್ಲರ ಆಳಿಕೆಯಲ್ಲಿ. ಅದರ ಆರಂಭವೂ ನಮ್ಮ ಭೀಮೆಯ ಬಳಗದಲ್ಲಿಯೇ ಇದೆಯೆಂಬುದು ಹಲವರಿಗೆ ಹೊಸ ಸಂಗತಿಯಾದೀತು. ಗಾಳದ ಬೇಟೆಗಾರರು ಪ್ರಾಣದಂತೆ ಪ್ರೀತಿಸುವ ಮಹಶೀರ್ ಮೀನಿನ ದಖ್ಖನದ ಜಾತಿಯನ್ನು ಶಾಸ್ತ್ರರೀತಿಯಿಂದ ಮೊದಲು ವರ್ಣಿಸಿದವನು ಕರ್ನಲ್ ಸೈಕ್ಸ್, ವರ್ಷ ೧೮೩೯. ಅವನಿಗೆ ಆ ಮೀನು ದೊರೆತದ್ದು ಪುಣೆಯ ಹತ್ತಿರದ ಮುಳಾ ಮುಠಾ ಹೊಳೆಯಲ್ಲಿ. ಆ ನೀರು ಮುಂದೆ ಭೀಮೆಯನ್ನು ಸೇರಿ ನಮ್ಮ ಇಂಡಿ ಸಿಂದಗಿಗಳ 경ೆಯನ್ನು ತೊಳೆದು ಹೋಗುವದು. ದಕ್ಷಿಣ ಕನ್ನಡದ ಕಲೆಕ್ಟರನಾಗಿದ್ದ ಹೆನ್ರಿ ಸಲಿವನ್ ಥಾಮಸ್ ಎಂಬವನು ಭಾರತದ ಗಾಳದ ಬೇಟೆಯನ್ನು ಕುರಿತ ತನ್ನ ಪ್ರಸಿದ್ಧ ಗ್ರಂಥವನ್ನು ೧೮೭೩ರಲ್ಲಿ ಮಂಗಳೂರಿನಲ್ಲಿ ಅಚ್ಚು ಹಾಕಿಸಿದನು. ಅದರಲ್ಲಿ ನೊಣಗಾಳದ ವಿಚಾರವೂ ಉಂಟು. ೧೯೪೬ರ ಮಾರ್ಚ ೨೨ರಂದು ಮೈಸೂರಿನ ವ್ಯಾನ್ ಇಂಗೆನ್ ಮನೆತನದ ಡಿ ವೆಟ್ ವ್ಯಾನ್ ಇಂಗೆನ್ ಎಂಬವರು ಕಬಿನಿಯಲ್ಲಿ ೧೨೦ ಪೌಂಡಿನ ಮಹಶೀರನ್ನು ಹಿಡಿದರು. ಅದು ದೊಡ್ಡ ದಾಖಲೆಯೆಂದು ಇಂದಿಗೂ ಉಲ್ಲೇಖಿತವಾಗುತ್ತದೆ.

ಆ ಬಳಿಕ ಕಾಲವು ತಿರುಗಿತು. ಕಾವೇರಿಯ ಭೀಮೇಶ್ವರಿ ಮುಂತಾದ ಕಡೆ ಹಿಡಿದ ಮೀನನ್ನು ತೂಗಿ ಮರಳಿ ನೀರಿಗೆ ಬಿಡುವ ಪದ್ಧತಿಯು ರೂಢಿಗೆ ಬಂದಿತು. ವನ್ಯಜೀವಿ ಸಂರಕ್ಷಣೆಯ ಕಾನೂನಿನ ದೆಸೆಯಿಂದ ೨೦೧೨ರ ಸುಮಾರಿಗೆ ಅಭಯಾರಣ್ಯದೊಳಗಿನ ಆ ಬೇಟೆಯೂ ನಿಂತಿತು. ಕಾವೇರಿಯ ಆ ದೊಡ್ಡ ಮಹಶೀರು ಬೇರೆಯೇ ಜಾತಿಯದೆಂದು ೨೦೧೮ರಲ್ಲಿ ನಿರ್ಣಯವಾಯಿತು; ಅದೇ ವರ್ಷ ಅದು ಅಳಿವಿನ ಅಂಚಿಗೆ ಬಂದ ಪ್ರಾಣಿಗಳ ಪಟ್ಟಿಗೆ ಸೇರಿತು. ಇತ್ತ ಶೃಂಗೇರಿಯ ತುಂಗೆಯಲ್ಲಿಯೂ ಶಿಶಿಲದ ಕಪಿಲೆಯಲ್ಲಿಯೂ ಭಕ್ತರು ದೇವರ ಮೀನುಗಳಿಗೆ ಅಕ್ಕಿ, ಪುರಿಗಳನ್ನು ಎಸೆಯುತ್ತಲೇ ಇದ್ದಾರೆ. ತಿನಿಸನ್ನು ಹಾಕಿ ಮೀನನ್ನು ಬಳಿಗೆ ಕರೆಯುವ ಸೋಮೇಶ್ವರನ ವಿದ್ಯೆಯು ಅಲ್ಲಿ ಗಾಳವಿಲ್ಲದೆ ಬಾಳಿದೆ.

ನಮ್ಮ ನಾಲ್ಕು ತಾಲೂಕುಗಳಲ್ಲಿ ನೊಣಗಾಳವು ನೆಲೆಯೂರಲಿಲ್ಲ. ಅದಕ್ಕೆ ಕಾರಣವು ನೀರಿನಲ್ಲಿಯೇ ಇದೆ. ನೊಣವನ್ನು ಮೀನು ಕಣ್ಣಿನಿಂದ ಕಾಣಬೇಕು. ಅದಕ್ಕೆ ತಿಳಿಯಾದ, ತಂಪಾದ, ಹರಿಯುವ ನೀರು ಬೇಕು. ನಮ್ಮ ಹೊಳೆಗಳು ಮಳೆಗಾಲದಲ್ಲಿ ಎರೆಮಣ್ಣನ್ನು ಕದಡಿಕೊಂಡು ರಾಡಿಯಾಗಿ ಬರುವವು, ಬೇಸಿಗೆಯಲ್ಲಿ ಮಡುಗಳಿಗೆ ಇಳಿದು ನಿಲ್ಲುವವು. ತಾಳಿಕೋಟೆಯ ಮಗ್ಗುಲಿಗೆ ಹರಿಯುವ ಡೋಣಿಯ ನೀರಂತೂ ಉಪ್ಪು. ಇಂಥ ನೀರಿಗೆ ತಕ್ಕದ್ದು ವಾಸನೆಯಿಂದ ಮೀನನ್ನು ಕರೆಯುವ ತಿನಿಸಿನ ಗಾಳವೂ, ಬಲೆಯೂ. ಅದನ್ನು ನಮ್ಮ ಅಂಬಿಗರು ಬಲ್ಲರು. ಹತ್ತಿಯು ಬೆಳೆಯುವ ನೆಲದಲ್ಲಿ ಹತ್ತಿಯ ನೂಲೂ, ಪುಂಡಿಯು ಬೆಳೆಯುವ ಹೊಲದಲ್ಲಿ ಪುಂಡಿಯ ನಾರೂ ಕೈಗೆ ಸಿಕ್ಕುವ ಸಾಮಗ್ರಿಗಳು. ಆದರೆ ನಾರೂ ನೂಲೂ ನೀರಿನಲ್ಲಿ ಕೊಳೆಯುವವು. ಆದುದರಿಂದ ಅವನ್ನು ನಂಬಿದವನು ದಿನದಿನವೂ ಒಣಗಿಸಬೇಕು, ತೊಗಟೆಯ ಕಷಾಯದಲ್ಲಿ ಅದ್ದಬೇಕು, ಜೀರ್ಣವಾದ ಎಳೆಯನ್ನು ಬದಲಿಸಬೇಕು. ದಾರವನ್ನು ಪರೀಕ್ಷಿಸುವದು ಅವನಿಗೆ ವಿನೋದವಲ್ಲ. ದಾರ ಹರಿದರೆ ಆ ದಿನದ ಒಲೆ ಉರಿಯದು.

ಸ್ವಾತಂತ್ರ್ಯದ ತರುವಾಯದ ದಶಕಗಳಲ್ಲಿ ನೈಲಾನ್ ದಾರವೂ ಬಲೆಯೂ ನಮ್ಮ ದೇಶದ ಹೊಳೆಗಳಿಗೆ ಬಂದವು. ಅವು ಬಡವನಿಗೆ ಉಪಕಾರ ಮಾಡಿದವೆಂಬದನ್ನು ಮೊದಲು ಒಪ್ಪಿಕೊಳ್ಳಬೇಕು. ತೆಳ್ಳಗಿದ್ದೂ ಗಟ್ಟಿ, ಅಗ್ಗ, ಒಣಗಿಸುವ ಕಾಟವಿಲ್ಲ, ಕಷಾಯದ ಖರ್ಚಿಲ್ಲ. ಆದರೆ ಯಾವ ಗುಣದಿಂದ ಅದು ಉಪಕಾರಿಯೋ ಅದೇ ಗುಣದಿಂದ ಅಪಕಾರಿಯೂ ಆಗಿದೆ. ಹತ್ತಿಯ ದಾರವು ಹರಿದು ಹೋದರೆ ಕೆಲವು ತಿಂಗಳುಗಳಲ್ಲಿ ಮಣ್ಣಾಗುವದು, ನೈಲಾನ್ ಮಣ್ಣಾಗುವದಿಲ್ಲ. ಕಳೆದುಹೋದ ಬಲೆಯು ಒಡೆಯನಿಲ್ಲದೆಯೂ ನೀರಿನ ತಳದಲ್ಲಿ ಮೀನು, ಆಮೆ, ಹಕ್ಕಿಗಳನ್ನು ಕೊಲ್ಲುತ್ತಲೇ ಇರುವದು. ಹಿಡಿಯುವವನಿಗೂ ಸಿಕ್ಕದೆ, ತಿನ್ನುವವನಿಗೂ ದಕ್ಕದೆ ನಡೆಯುವ ಈ ವಧೆಯನ್ನು ಹಳೆಯ ದಾರವು ಅರಿಯದು.

ದಾರ ಬದಲಾದ ಕಾಲಕ್ಕೇ ಹೊಳೆಯೂ ಬದಲಾಯಿತು. ೧೯೬೪ರ ಮೇ ೨೨ರಂದು ಆಲಮಟ್ಟಿಯಲ್ಲಿ ಲಾಲಬಹಾದ್ದೂರ ಶಾಸ್ತ್ರಿಯವರು ಅಡಿಗಲ್ಲನ್ನಿಟ್ಟರು; ನಾರಾಯಣಪುರದ ಬಸವಸಾಗರವು ೧೯೮೨ರಲ್ಲಿ ತುಂಬಿತು; ಆಲಮಟ್ಟಿಯ ಜಲಾಶಯವು ೨೦೦೬ರಲ್ಲಿ ರಾಷ್ಟ್ರಪತಿ ಅಬ್ದುಲ್ ಕಲಾಮರ ಕೈಯಿಂದ ಲೋಕಾರ್ಪಣವಾಯಿತು. ಬರಗಾಲದ ಸೀಮೆಗೆ ನೀರು ಬಂದದ್ದು ದೊಡ್ಡ ಭಾಗ್ಯ. ಅದನ್ನು ಹಳಿಯುವವನು ಕೃತಘ್ನನು. ಆದರೂ ಒಂದು ಸಂಗತಿಯನ್ನು ದಾಖಲಿಸಬೇಕು. ಹರಿಯುವ ಹೊಳೆಯು ನಿಂತ ಸಾಗರವಾದಾಗ ಮಡು, ಮಳಲು, ಸುಳಿ, ಹಾಯುಗಡಗಳೆಲ್ಲ ನೀರಿನ ಕೆಳಗೆ ಹೋದವು. ಕೂಡಲಸಂಗಮದಲ್ಲಿ ಬಸವಣ್ಣನವರ ಐಕ್ಯಮಂಟಪದ ಸುತ್ತಲೂ ಗೋಡೆ ಕಟ್ಟಿ ಅದನ್ನು ಉಳಿಸಿಕೊಂಡೆವು, ಅದು ಯೋಗ್ಯವಾದದ್ದೇ. ಯಾವ ಮಡುವಿನಲ್ಲಿ ಯಾವ ಋತುವಿಗೆ ಯಾವ ಮೀನು ಬರುವದೆಂಬ ಅಂಬಿಗರ ತಿಳಿವಳಿಕೆಯ ಸುತ್ತಲೂ ಯಾರೂ ಗೋಡೆ ಕಟ್ಟಲಿಲ್ಲ.

ಹನ್ನೆರಡನೆಯ ಶತಮಾನವು ಎರಡು ಬಗೆಯ ಮಾದರಿಯನ್ನು ನಮಗೆ ಕೊಟ್ಟಿದೆ. ಒಂದು ಸೋಮೇಶ್ವರನದು, ಅಲ್ಲಿ ಅಂಬಿಗರ ವಿದ್ಯೆಯು ಅರಸನ ಹೆಸರಿನಿಂದ ಉಳಿಯಿತು. ಇನ್ನೊಂದು ಶರಣರದು, ಅಲ್ಲಿ ಅಂಬಿಗರ ಚೌಡಯ್ಯನು ತನ್ನ ಕಸುಬನ್ನೇ ಹೆಸರಿನ ಮುಂದಿಟ್ಟುಕೊಂಡು ತನ್ನ ಮಾತನ್ನು ತಾನೇ ಆಡಿದನು. ಅಂಥ ಶರಣರ ವಚನಗಳನ್ನು ಹುಡುಕುತ್ತ ವಿಜಾಪುರದ ಫ. ಗು. ಹಳಕಟ್ಟಿಯವರು ಊರೂರು ತಿರುಗಿ ಓಲೆಗರಿಗಳನ್ನು ಕೂಡಿಸದಿದ್ದರೆ ಎಷ್ಟು ವಚನಗಳು ಗೆದ್ದಲಿನ ಪಾಲಾಗುತ್ತಿದ್ದವೋ! ಇಂಡಿಯ ಸೀಮೆಯ ಹಲಸಂಗಿಯಲ್ಲಿ ಮಧುರಚೆನ್ನರೂ ಅವರ ಗೆಳೆಯರೂ ಬೀಸುವ ಕಲ್ಲಿನ ಮುಂದಿನ ಹಾಡುಗಳನ್ನು ಬರೆದುಕೊಂಡು, ‘ಗರತಿಯ ಹಾಡು’ ಎಂಬ ಹೆಸರಿನಿಂದ ೧೯೩೧ರಲ್ಲಿ ಆ ಸಂಗ್ರಹವು ಹೊರಬರದಿದ್ದರೆ, ಹಿಟ್ಟಿನ ಗಿರಣಿಯ ಸಪ್ಪಳದಲ್ಲಿ ಆ ಹಾಡುಗಳೂ ಅಡಗಿಹೋಗುತ್ತಿದ್ದವು. ಓಲೆಗರಿ ಓದಲು ಬಲ್ಲವರಿದ್ದಾಗ ವಚನ ಉಳಿದವು, ಬೀಸುವ ಕಲ್ಲು ತಿರುಗುತ್ತಿದ್ದಾಗ ಹಾಡು ಉಳಿದವು. ಹತ್ತಿಯ ದಾರವನ್ನು ಹೊಸೆದು ಬಲ್ಲ ಕೈಗಳು ಇನ್ನೂ ಎಲ್ಲೆಲ್ಲಿಯೋ ಕೆಲವು ಇರುವಾಗಲೇ ಈ ಮೂರನೆಯ ಸಂಗ್ರಹವೂ ಆಗಬೇಕು.

ಈ ಪತ್ರಿಕೆಯ ವಾಚಕರಲ್ಲಿ ನನ್ನ ವಿಜ್ಞಾಪನೆಯು ಇಷ್ಟೇ. ಭೀಮಾ ಕೃಷ್ಣೆಯರ ದಂಡೆಯ ಊರುಗಳಲ್ಲಿ ತಮ್ಮ ಹೊಲಮನೆಗಳೋ ಬೀಗರೋ ಇರುವವರು ಆ ಊರಿನ ಹಿರಿಯ ಅಂಬಿಗರನ್ನು ಕಂಡು ಕೆಲವು ಸಂಗತಿಗಳನ್ನು ಬರೆದುಕೊಳ್ಳಲಿ: ಹೊಳೆಯ ಮೀನುಗಳಿಗೆ ಅವರ ಮನೆಯಲ್ಲಿ ಕರೆಯುವ ಹೆಸರುಗಳು, ಯಾವ ಮೀನಿಗೆ ಯಾವ ತಿನಿಸು, ನೈಲಾನಿನ ಮೊದಲು ದಾರವನ್ನು ಯಾವದರಿಂದ, ಎಷ್ಟು ಎಳೆಯಾಗಿ ಹೊಸೆಯುತ್ತಿದ್ದರು, ಕೊಳೆಯದಂತೆ ಏನು ಮಾಡುತ್ತಿದ್ದರು, ಗಂಟುಗಳ ಹೆಸರುಗಳು, ಮುಳುಗಿದ ಮಡುಗಳ ಹೆಸರುಗಳು. ಹೇಳಿದವರ ಹೆಸರನ್ನೂ, ಅವರು ಒಪ್ಪಿದರೆ, ತಪ್ಪದೆ ಬರೆಯಲಿ; ಸೋಮೇಶ್ವರನ ಗ್ರಂಥದಲ್ಲಿ ಉಳಿದ ಕೊರತೆಯು ನಮ್ಮದರಲ್ಲಿ ಉಳಿಯಬಾರದು. ಆ ಪಟ್ಟಿಯನ್ನು ಮತ್ಸ್ಯವಿನೋದದ ಹೆಸರುಗಳೊಡನೆ ಹೋಲಿಸಿ ನೋಡಿದರೆ ಒಂಬತ್ತು ನೂರು ವರ್ಷಗಳ ಹಿಂದಿನ ಶಬ್ದಗಳಲ್ಲಿ ಯಾವವು ಇನ್ನೂ ಬಾಳಿವೆಯೆಂಬದು ತಿಳಿದೀತು. ಮನೆಯಲ್ಲಿ ಮೀನು ಬೇಯಿಸದವರೂ ಮಾಡಬಹುದಾದ ಕೆಲಸವಿದು. ಮಳೆಗಾಲದ ಹೊಳೆಯು ಇಳಿದು ನೀರು ತಿಳಿಯಾಗುವ ದಿನಗಳು ಇದಕ್ಕೆ ಅನುಕೂಲವಾದವು. ಆಗ ಅಂಬಿಗರು ದಾರ ಬಲೆಗಳನ್ನು ಹರವಿಕೊಂಡು ದಂಡೆಯ ಮೇಲೆಯೇ ಕುಳಿತಿರುವರು.